ಕಥೆಯೊಳಗಿಲ್ಲದ ಲಾರಿ

ಅಂಗಿಯ ಮೇಲಿನ ಗುಂಡಿಯನ್ನು ಜಂಬಪ್ಪ ಮೂರು ಸಲ ಹಾಕಲು ನೋಡಿದ, ಮೂರು ಸಲವೂ ಬೆರಳು ಜಾರಿತು. ಭಾನುವಾರದ ಬೆಳಗಿನ ಬಿಸಿಲು ಆಗಲೇ ಹೊಸ್ತಿಲು ದಾಟಿ ಒಳಗೆ ಬಂದು, ಗೋಡೆಗೆ ಒರಗಿಸಿಟ್ಟ ಶೇಂಗಾ ಚೀಲದ ಮೇಲೆ ಕುಳಿತಿತ್ತು. ನಲವತ್ತೆಂಟು ವರ್ಷ ಇದೇ ಹೊತ್ತಿಗೆ ಇಂಥದೇ ಬಿಳಿ ಅಂಗಿ ತೊಟ್ಟು ಪ್ರಾರ್ಥನೆಯ ಮನೆಗೆ ನಡೆದವನು ಅವನು. ಊರಿನವರು ಅವನ ಹೆಸರು ಬಿಟ್ಟು ಉಪದೇಶಪ್ಪ ಎಂದೇ ಕರೆಯುತ್ತಿದ್ದರು. ಎಪ್ಪತ್ತಾರರ ವಯಸ್ಸಿಗೆ ಬೆರಳು ನಡುಗುವುದು ಸಹಜ ಎಂದು ಹೆಂಡತಿ ಸುವಾರ್ತಮ್ಮ ತಿಳಿದಿದ್ದಳು. ಹಾಗೇ ತಿಳಿದುಕೊಳ್ಳಲಿ ಎಂದು ಅವನೂ ಬಿಟ್ಟಿದ್ದ.

"ಕೊಡ್ರಿ ಇಲ್ಲಿ, ಹೊಸಾ ಮದುಮಗನಂಗ ನಡುಗಾಕಹತ್ತೀರಿ," ಎಂದು ಆಕೆ ಕೈಯಲ್ಲಿದ್ದ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗುಂಡಿ ಹಾಕಿದಳು. "ಐದು ನಿಮಿಷ ಮಾತಾಡಾಕ ಇಷ್ಟು ಬೆವರಾ?"

"ಐದು ನಿಮಿಷದ್ದ ಕಷ್ಟ. ಒಂದು ತಾಸಂದ್ರ ಹೆಂಗಾರ ಹೋಗತೈತಿ."

"ಹೌದು, ನಿಮ್ಮ ಒಂದು ತಾಸು ಕೇಳಿ ಕೇಳಿ ನನ್ನ ಮೊಣಕಾಲು ಹೋದವು," ಎಂದು ನಕ್ಕು, ಪ್ರಾರ್ಥನೆಯ ಮನೆ ಗುಡಿಸಲು ಆಕೆ ಹೊರಟುಹೋದಳು.

ಶುಕ್ರವಾರ ಸಂಜೆ ಪಾಸ್ಟರನ ಫೋನು ಬಂದಿತ್ತು. ಪಾಸ್ಟರ್ ಒಳ್ಳೆಯವನೇ. ಆಧಾರ್ ಕಾರ್ಡಿನಲ್ಲಿ ರಾಮಾಂಜನೇಯ, ಪ್ರಾರ್ಥನೆಯ ಮನೆಯ ಬೋರ್ಡಿನ ಮೇಲೆ ಪಾಸ್ಟರ್ ಆರ್. ಜೆ. ಪಾಲ್. ಆದೋನಿಯಿಂದ ಮೋಟರ್ ಸೈಕಲ್ ಮೇಲೆ ಬರುತ್ತಾನೆ, ಕೀಬೋರ್ಡು ಬಾರಿಸುತ್ತಾನೆ, ಗೋಡೆಯ ಮೇಲೆ ಬೆಳಕು ಬಿಟ್ಟು ಮೂರು ಅಂಶ ಬರೆದು ತೋರಿಸಿ ಮೂರನ್ನೂ ವಿವರಿಸಿ ಮುಗಿಸುತ್ತಾನೆ. "ತಾತಾ," ಎಂದಿದ್ದ ಫೋನಿನಲ್ಲಿ, "ಆದಿವಾರ ಊರಮ್ಮಕ್ಕನ ಮಗಳದು ಜ್ಞಾಪಕಾರ್ಥ ಕೂಟ ಐತಿ. ಈ ಸಲ ಊರಮ್ಮಕ್ಕನ ಗಂಡ ನರಸಣ್ಣನೂ ಬರ್ತಾನಂತ. ಇಪ್ಪತ್ತೆರಡು ವರ್ಷದಾಗ ಮೊದಲನೇ ಸಲ! ಆದರ ಒಂದು ಮಾತು ಹಾಕ್ಯಾನ. ನೀವು ಆ ಹಾವಿನ ಸಾಕ್ಷಿ ಹೇಳಬೇಕಂತ. ಹೇಳಿದ್ರ ಬರ್ತಾನಂತ. ಐದು ನಿಮಿಷ ತಗೊಳ್ರಿ ತಾತಾ, ಒಂದು ಆತ್ಮ ಒಳಗ ಬರ್ತೈತಿ." ಜಂಬಪ್ಪ ಆಗಲಿ ಅಯ್ಯಗಾರು ಎಂದಿದ್ದ. ಬೇರೆ ಏನು ಹೇಳಲಿಕ್ಕೆ ಬರುತ್ತಿತ್ತು? ದೇವರು ಒಬ್ಬನನ್ನು ಉಳಿಸಿದ್ದನ್ನು ಸಭೆಯ ಮುಂದೆ ಹೇಳುವ ಆ ಸಾಕ್ಷಿಯನ್ನು ಇಪ್ಪತ್ತೆರಡು ವರ್ಷದಿಂದ ಅವನು ಬಾಯಿಗೆ ತಂದಿರಲಿಲ್ಲ.

ಮೂರನೇ ಕ್ಲಾಸು ಓದಿದವನು ಜಂಬಪ್ಪ. ಊರು ಆಂಧ್ರಕ್ಕೆ ಸೇರಿದ್ದು, ಹಾಗಾಗಿ ಬೈಬಲ್ ಗ್ರಂಥ ತೆಲುಗಿನದು. ಆ ಪುಸ್ತಕದ ತೆಲುಗು ಹತ್ತಿ ಬಿಡಿಸುವ ಹೆಂಗಸರ ಕಿವಿಗೆ ತಾಗಿ ಹಾಗೇ ಕೆಳಗೆ ಉದುರುತ್ತಿತ್ತು. ಯಾರಾದರೂ ಓದು ಬಂದವರು ನಾಲ್ಕು ಸಾಲು ಓದಿ ಕೂತರೆ, ಅವನು ಕಣ್ಣು ಮುಚ್ಚಿಕೊಂಡು ಅದನ್ನು ಮನೆಯ ಕನ್ನಡದಲ್ಲಿ ಕಥೆ ಮಾಡುತ್ತಿದ್ದ. ಕಳೆದುಹೋದ ಕುರಿಯ ಮಾತು ಬಂದರೆ ಕುರಿ ಕಾಯುವವನಿಗೆ ಕಂಬಳಿ ಹೊದಿಸಿ, ಆಸ್ಪರಿಯ ಕಡೆಯ ಕಲ್ಲುಗುಡ್ಡ ಹತ್ತಿಸಿ, ಕಾಲಿಗೆ ಜಾಲಿಮುಳ್ಳು ಚುಚ್ಚಿಸುತ್ತಿದ್ದ. ಮುಳ್ಳು ಗ್ರಂಥದಲ್ಲಿ ಇರಲಿಲ್ಲ. ಆದರೆ ಮುಳ್ಳು ಚುಚ್ಚಿದಾಗಲೇ ಹೆಂಗಸರ ಬಾಯಿಂದ ‘ಯಪ್ಪಾ’ ಎಂದು ಬರುತ್ತಿತ್ತು, ಅಲ್ಲಿಂದ ಮುಂದೆ ದೇವರು ಸಲೀಸಾಗಿ ಒಳಗೆ ಹೋಗುತ್ತಿದ್ದ. ಇದು ತಪ್ಪೆಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ. ಯೇಸುಸ್ವಾಮಿಯೂ ಕಥೆ ಹೇಳಿದವನೇ ಅಲ್ಲವೇ, ಬಿತ್ತುವವನನ್ನು ಕಂಡರೆ ಬಿತ್ತುವವನ ಕಥೆ, ಹಿಟ್ಟು ನಾದುವವಳನ್ನು ಕಂಡರೆ ಹಿಟ್ಟಿನ ಕಥೆ. ಆದರೆ ಸ್ವಾಮಿ ತನ್ನ ಕಥೆಯಿಂದ ಏನನ್ನು ಕೆಳಗೆ ಇಳಿಸಿದ್ದ ಎಂದು ಯಾರೂ ಬರೆದಿಟ್ಟಿಲ್ಲ. ಜಂಬಪ್ಪ ತನ್ನ ಕಥೆಯಿಂದ ಲಾರಿಯನ್ನು ಇಳಿಸಿದ್ದ.

ಹಾವಿನ ಸಾಕ್ಷಿ ಗ್ರಂಥದ್ದಲ್ಲ, ಅವನ ಕಣ್ಣೆದುರೇ ಆದದ್ದು. ಆಸ್ಪರಿಯ ಆಚೆಯ ಒಂದು ಹಳ್ಳಿಯಲ್ಲಿ ಉರುಕುಂದ ಎಂಬ ಏಳು ವರ್ಷದ ಹುಡುಗನಿಗೆ ಹಾವು ಕಚ್ಚಿತ್ತು. ಅಲ್ಲಿಗೆ ಪ್ರಾರ್ಥನೆಗೆಂದು ಹೋಗಿದ್ದ ಜಂಬಪ್ಪ ಹುಡುಗನನ್ನು ತೊಡೆಯ ಮೇಲೆ ಹಾಕಿಕೊಂಡು ಗಂಟಲು ಹರಿಯುವ ಹಾಗೆ ದೇವರನ್ನು ಕೂಗಿದ. ಹುಡುಗನ ಕಣ್ಣು ಮೇಲೆ ಹೋಗಿತ್ತು, ಬಾಯಲ್ಲಿ ನೊರೆ ಬಂದಿತ್ತು. ಮೂರನೇ ದಿನ ಬೆಳಿಗ್ಗೆ ಅವನು ಕಣ್ಣು ಬಿಟ್ಟು ‘ನನ್ನ ಚಪ್ಪಲಿ ಎಲ್ಲಿ’ ಎಂದು ಕೇಳಿದ. ಇದೆಲ್ಲ ನಿಜ. ಆ ತೊಡೆ ಹತ್ತಿ ತುಂಬಿದ ಒಂದು ಲಾರಿಯ ಮೇಲಿತ್ತು ಎಂಬುದೂ ನಿಜ. ಖಾಜಾ ಸಾಬಿ ಎಂಬ ಡ್ರೈವರು ಆರು ಚೀಲ ಹತ್ತಿ ರಸ್ತೆಯ ಪಕ್ಕ ಇಳಿಸಿ ಜಾಗ ಮಾಡಿಕೊಟ್ಟು, ಆದೋನಿ ದೊಡ್ಡಾಸ್ಪತ್ರೆಯ ಬಾಗಿಲಿಗೇ ಲಾರಿ ಒಯ್ದು ನಿಲ್ಲಿಸಿದ್ದ. ಅಲ್ಲಿ ಸೂಜಿ ಹಾಕಿದರು, ಮೂರು ದಿನ ಹಾಕಿದರು. ಮೊದಮೊದಲು ಜಂಬಪ್ಪ ಅದನ್ನೆಲ್ಲ ಹೇಳುತ್ತಿದ್ದ. ಹೇಳುವಾಗ ಗಮನಿಸಿದ, ಲಾರಿ ಬಂದ ಕೂಡಲೇ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ, ಗಂಡಸರು ಬೀಡಿಗೆ ತಡಕಾಡುತ್ತಾರೆ. ಬಿಗಿದ ಹಗ್ಗ ಸಡಿಲಾದ ಹಾಗೆ ಆಗುತ್ತದೆ. ಖಾಜಾ ಸಾಬಿಯನ್ನು ಬಿಟ್ಟು ನೋಡಿದ. ಆಮೇಲೆ ಲಾರಿ ಹೋಗಿ ಬರೀ ‘ಒಂದು ಗಾಡಿ’ ಆಯಿತು. ಆಮೇಲೆ ಗಾಡಿಯೂ ಹೋಯಿತು, ಸೂಜಿಯೂ ಹೋಯಿತು. ಕಥೆ ಹಗುರಾಗಿ ತಾನೇ ಓಡತೊಡಗಿತು. ಪತ್ತಿಕೊಂಡದ ದೊಡ್ಡ ಕೂಟದಲ್ಲಿ ಅದನ್ನು ಹೇಳಿದಾಗ ಸಾವಿರ ಜನ ಎದ್ದು ನಿಂತು ಅತ್ತಿದ್ದರು. ಅವನೊಂದು ಸುಳ್ಳೂ ಸೇರಿಸಿರಲಿಲ್ಲ. ಬರಬರುತ್ತ ಅವನಿಗೇ ಆ ಹುಡುಗ ಪ್ರಾರ್ಥನೆಯ ಮನೆಯ ಚಾಪೆಯ ಮೇಲಿಂದ ಎದ್ದ ಹಾಗೆ ಕಾಣುತ್ತಿತ್ತು. ಉರುಕುಂದ ಆ ಚಾಪೆಯ ಮೇಲೆ ಯಾವತ್ತೂ ಮಲಗಿರಲಿಲ್ಲ.

ಮಲಗಿದ್ದವಳು ಸುಜಾತಾ. ಊರಮ್ಮನ ಮಗಳು, ಒಂಬತ್ತು ವರ್ಷ. ಶೇಂಗಾ ಕೀಳುವ ದಿನಗಳು. ಹೊಲದಲ್ಲಿ ಹಾವು ಹಿಮ್ಮಡಿಗೆ ಕಚ್ಚಿತ್ತು. ಊರಮ್ಮ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಯಲ್ಲಿ ಗಾಡಿಗೆ ನಿಲ್ಲಲಿಲ್ಲ, ಸೀದಾ ಪ್ರಾರ್ಥನೆಯ ಮನೆಗೆ ಓಡಿಬಂದಳು. "ಉಪದೇಶಪ್ಪ, ಆ ಹುಡುಗನ್ನ ಎಬ್ಬಿಸಿದ್ರೆಲ್ಲಾ, ಹಂಗ ಎಬ್ಬಿಸ್ರಿ," ಎಂದು ಚಾಪೆಯ ಮೇಲೆ ಇಳಿಸಿದಳು. ಹಿಂದೆ ನಲವತ್ತು ಜನ ಹೊಲ ಬಿಟ್ಟು ಬಂದಿದ್ದರು. ನಲವತ್ತೂ ಜನ ಆ ಕಥೆ ಕೇಳಿದವರು. ಆಗ ಅವನು ಹೇಳಬೇಕಿದ್ದದ್ದು ಒಂದೇ ಮಾತು. ಆ ಮಾತಿನ ಬದಲು ಅವನು ಮೊಣಕಾಲೂರಿದ. ಅರ್ಧ ತಾಸು. ಆಮೇಲೆ ಯಾರೋ ಜೀಪು ತಂದರು. ಆದೋನಿ ಮುಟ್ಟುವ ಮೊದಲೇ ಮುಗಿದಿತ್ತು.

"ಉಪದೇಶಪ್ಪ."

ಅವನು ಬೆಚ್ಚಿದ. ಬಾಗಿಲಲ್ಲಿ ಊರಮ್ಮ ನಿಂತಿದ್ದಳು. ಐವತ್ತೈದರ ಹೆಂಗಸು, ಕೂದಲು ಪೂರಾ ಬೆಳ್ಳಗಾಗಿತ್ತು. ಕೂಟದ ಅಡಿಗೆಗೆಂದು ನಸುಕಿನಲ್ಲೇ ಎದ್ದಿರಬೇಕು, ತೋಳಿಗೆಲ್ಲ ಅರಿಶಿನ ಹತ್ತಿತ್ತು. ಇಪ್ಪತ್ತೆರಡು ವರ್ಷ ಒಂದು ಭಾನುವಾರವೂ ತಪ್ಪಿಸದೆ ಎರಡನೇ ಸಾಲಿನಲ್ಲಿ ಕೂತು ಕಥೆ ಕೇಳಿದವಳು. ಒಂದು ದಿನವೂ ಅವನನ್ನು ಏನೂ ಅನ್ನಲಿಲ್ಲ. ಅನ್ನದೇ ಇದ್ದುದರ ಅಡಿಯಲ್ಲಿ ಅವನು ಅಷ್ಟೂ ವರ್ಷ ಬಾಗಿಕೊಂಡು ನಡೆದಿದ್ದ. ಆಕೆ ಬೈದಿದ್ದರೆ, ಕಲ್ಲೆಸೆದಿದ್ದರೆ, ಊರು ಬಿಟ್ಟು ಹೋಗು ಎಂದಿದ್ದರೆ ಬೆನ್ನು ಇಷ್ಟು ಬಾಗುತ್ತಿರಲಿಲ್ಲ.

"ಬಾ ಯವ್ವಾ, ಕೂಡು."

"ಕೂಡಾಕ ಹೊತ್ತಿಲ್ಲ. ಕೋಳಿ ಇನ್ನಾ ಒಲಿ ಮ್ಯಾಲ ಐತಿ." ಆಕೆ ಹೊಸ್ತಿಲಿನ ಆಚೆಯೇ ನಿಂತಳು. "ಇವತ್ತು ಅವ ಬರ್ತಾನ. ಕೇಳಿದ್ರಲ್ಲ."

"ಕೇಳಿದೆ." ಎಷ್ಟೋ ವರ್ಷ ನಾಲಿಗೆಯ ಕೆಳಗೆ ಇಟ್ಟುಕೊಂಡದ್ದು ಈಗ ತಾನೇ ಹೊರಟಿತು. "ಊರಮ್ಮ, ನಿನಗೊಂದು ಮಾತು ಹೇಳೋದೈತಿ. ಆ ಕಥ್ಯಾಗ ನಾನು..."

"ಲಾರಿ ಬ್ಯಾಡ," ಎಂದಳು ಊರಮ್ಮ.

ಹೊರಗೆ ಯಾರದೋ ಎಮ್ಮೆ ಹಗ್ಗ ಎಳೆದುಕೊಂಡು ಹೋಯಿತು. ಹಗ್ಗ ಮಣ್ಣಿನ ಮೇಲೆ ಉಜ್ಜುವ ಸದ್ದು ದೂರ ಹೋಗುವವರೆಗೂ ಅವನು ಕೇಳಿದ.

"ನಾ ಹೋಗಿದ್ದೆ," ಎಂದಳು ಆಕೆ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಆಕಿ ಹೋಗಿ ಮೂರು ತಿಂಗಳಿಗೆ. ಎದ್ದ ಹುಡುಗನ್ನ ಒಂದು ಸಲ ಕಣ್ಣಿಲೆ ನೋಡಬೇಕನಿಸ್ತು. ನಡಕೊಂಡ ಹೋದೆ. ಅವ ಕಟ್ಟಿ ಮ್ಯಾಲ ಕೂತು ಮುದ್ದಿ ಉಣ್ಣತಿದ್ದ. ಅವರವ್ವ ಎಲ್ಲಾ ಹೇಳಿದಳು. ಲಾರಿ, ಸಾಬಿ, ಸೂಜಿ. ‘ಉಪದೇಶಪ್ಪ ಇರಲಿಲ್ಲಂದ್ರ ನನ್ನ ಮಗ ಉಳೀತಿರಲಿಲ್ಲ’ ಅಂತಾನೂ ಅಂದಳು, ಪಾಪ."

"ಅವತ್ತಿಂದ... ಗೊತ್ತಿತ್ತಾ?"

"ಗೊತ್ತಿಲ್ಲದೇನು?"

"ಮತ್ತ ಯಾಕ ಚರ್ಚಿಗೆ ಬಂದಿ, ಯವ್ವಾ? ಇಷ್ಟು ವರ್ಷ?"

ಊರಮ್ಮ ತೋಳಿನ ಅರಿಶಿನ ಕೆರೆದುಕೊಂಡಳು. "ಎಲ್ಲಿಗೆ ಹೋಗಲಿ? ಆಕಿ ಕಡೀಕ ಕಣ್ಣು ಬಿಟ್ಟು ನನ್ನ ನೋಡಿದ್ದು ಅಲ್ಲೇ." ಆಮೇಲೆ ಗಂಡನ ಮಾತಿಗೆ ಬಂದಳು. "ಅವನಿಗೆ ಗೊತ್ತಿಲ್ಲ. ಆಯುಷ್ಯ ಅಷ್ಟ ಇತ್ತು ಅಂತ ಹೇಳೀನಿ. ಅದನ್ನ ನಂಬಿಕೊಂಡು ಉಸಿರು ಆಡಸಾಕಹತ್ಯಾನ. ಹತ್ತಿ ಧೂಳಿಗೆ ಎದಿ ಪೂರಾ ಹೋಗೇತಿ, ಇನ್ನಾ ಎಷ್ಟು ದಿನಾ. ನೀವು ಮೊದಲು ಹೆಂಗ ಹೇಳತಿದ್ರಿ ಹಂಗ ಹೇಳ್ರಿ. ಕೇಳಿ ಸಮಾಧಾನ ಆಗಲಿ."

"ನನಗ ಹೇಳಬೇಕಾಗೇತಿ, ಊರಮ್ಮ. ನನ್ನ ಎದಿ ಒಡೀತೈತಿ."

"ನಿಮ್ಮದು ಹಗುರಾಗತೈತಿ," ಎಂದಳು ಆಕೆ, ಮೊದಲ ಸಲ ಅವನ ಮುಖ ನೋಡಿ. "ಅವನದು?"

ಆಕೆ ಹೋದಳು. ಅಪ್ಪಣೆ ಸಿಕ್ಕಿತ್ತು. ತಪ್ಪು ಒಪ್ಪಿಕೊಳ್ಳಬೇಕಾದವಳೇ ಬಂದು, ಒಪ್ಪಿಕೊಳ್ಳಬೇಡ ಎಂದು ಹೇಳಿಹೋಗಿದ್ದಳು. ಸುಲಭವಾಯಿತು ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೇ ನಾಚಿಕೆ ಬಂತು. ಬೀದಿಗಿಳಿದು ನಡೆಯುವಾಗ ಎದುರು ಸಿಕ್ಕವರು ‘ವಂದನಾಲು ಉಪದೇಶಪ್ಪ’ ಎಂದರು, ಅವನು ಕೈ ಎತ್ತಿದ. ಆ ಎತ್ತಿದ ಕೈ ಯಾರದೋ ಅನಿಸಿತು. ನಾನು ಯಾರಿಗಾಗಿ ಹೇಳಬೇಕೆಂದಿದ್ದೆ? ಇಪ್ಪತ್ತೆರಡು ವರ್ಷದಲ್ಲಿ ಒಂದು ಬೆಳಿಗ್ಗೆ ಆ ಮನೆಗೆ ಹೋಗಿ ಹೇಳಬಹುದಿತ್ತು, ಎರಡು ಓಣಿ ದಾಟಿದರೆ ಆಕೆಯ ಮನೆ. ಹೋಗಲಿಲ್ಲ. ದೇವರಿಗೆ ಹೇಳಿದೆ, ದಿನಾ ಹೇಳಿದೆ. ದೇವರಿಗೆ ಹೇಳುವಾಗಲೂ ಕಣ್ಣು ಮುಚ್ಚಿ, ದನಿ ತಗ್ಗಿಸಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಚೆನ್ನಾಗಿಯೇ ಹೇಳಿದೆ. ಅದೂ ಒಂದು ಕಥೆಯೇ ಆಯಿತು.

ಪ್ರಾರ್ಥನೆಯ ಮನೆ ಈಗ ಮೊದಲಿನ ಹಾಗಿಲ್ಲ. ತಗಡು ಹೋಗಿ ಸ್ಲ್ಯಾಬು ಬಂದಿದೆ, ಚಾಪೆ ಹೋಗಿ ಪ್ಲಾಸ್ಟಿಕ್ ಕುರ್ಚಿ ಬಂದಿವೆ. ಮುಂದಿನ ಮೇಜಿನ ಮೇಲೆ ಸುಜಾತಾಳ ಒಂದು ಫೋಟೋ ಇಟ್ಟಿದ್ದರು, ಶಾಲೆಯ ಗುಂಪಿನ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿದ್ದು. ದೊಡ್ಡದಾಗಿ ಮುಖ ಚುಕ್ಕೆಚುಕ್ಕೆಯಾಗಿತ್ತು, ಪಕ್ಕದ ಹುಡುಗಿಯ ಭುಜ ಅರ್ಧ ಉಳಿದಿತ್ತು. ಎರಡನೇ ಸಾಲಿನಲ್ಲಿ ಊರಮ್ಮನ ಪಕ್ಕ ನರಸಣ್ಣ ಕೂತಿದ್ದ. ಆದೋನಿಯ ಹತ್ತಿ ಮಿಲ್ಲಿನಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವನು, ಶನಿವಾರ ಬಂದು ಸೋಮವಾರ ಹೋಗುತ್ತಿದ್ದವನು. ಆವತ್ತೂ ಅವನು ಊರಲ್ಲಿರಲಿಲ್ಲ. ಅಗಲವಾದ ಭುಜ ಹಾಗೇ ಇತ್ತು, ಆದರೆ ಒಳಗಿನ ಮನುಷ್ಯ ಕರಗಿಹೋಗಿ ಅಂಗಿ ಗೂಟಕ್ಕೆ ಹಾಕಿದಂತೆ ತೂಗುತ್ತಿತ್ತು. ಉಸಿರು ಎಳೆದಾಗ ಶಿಳ್ಳೆಯ ಸದ್ದು. ಅವನು ಫೋಟೋ ನೋಡಲಿಲ್ಲ. ಜಂಬಪ್ಪನನ್ನೇ ನೋಡುತ್ತಿದ್ದ, ಅಂಗಡಿಯಲ್ಲಿ ತನ್ನ ಸರದಿಗೆ ಕಾಯುವವನ ಹಾಗೆ.

"ಇಪ್ಪುಡು ಮನ ಜಂಬಪ್ಪ ತಾತಗಾರು ಸಾಕ್ಷ್ಯಂ ಚೆಪ್ತಾರು," ಎಂದು ತೆಲುಗಿನಲ್ಲಿ ಸಾರಿ, ಸಾಕ್ಷಿ ಹೇಳಲು ಪಾಸ್ಟರ್ ಮೈಕು ಕೊಟ್ಟ. ಜಂಬಪ್ಪ ಅದನ್ನು ಬಾಯಿಂದ ದೂರ ಹಿಡಿದ. ಪಾಸ್ಟರ್ ಅವನ ಕೈಯನ್ನು ಹಿಡಿದು ಮೇಲೆ ಮಾಡಿ ತುಟಿಯ ಹತ್ತಿರ ತಂದಿಟ್ಟ, ಕೂಸಿಗೆ ಚಮಚ ಹಿಡಿಯಲು ಕಲಿಸುವ ಹಾಗೆ. ಮುಂದಿನ ಸಾಲಿನ ಹುಡುಗಿಯರು ನಕ್ಕರು. ಪಾಸ್ಟರ್ ಐದು ಬೆರಳು ತೋರಿಸಿದ.

ಜಂಬಪ್ಪ ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದರೆ ಕಥೆ ಬರುತ್ತದೆ, ಅದು ಅವನನ್ನು ಯಾವತ್ತೂ ಕೈಬಿಟ್ಟದ್ದಿಲ್ಲ. ಹೇಳತೊಡಗಿದ. ಉರುಕುಂದ ಎಂಬ ಹುಡುಗ, ಒಬ್ಬ ತಾಯಿಗೆ ಒಬ್ಬನೇ ಮಗ, ಬಣವೆಯ ಹಿಂದೆ ಚೆಂಡು ಹುಡುಕಲು ಹೋದ. ಜನ ಸದ್ದಿಲ್ಲದಾದರು. ಮೊಬೈಲುಗಳು ಕೆಳಗಿಳಿದವು. ಬಿಗಿಯಿತು ಹಗ್ಗ, ಇನ್ನೂ ಬಿಗಿಯಿತು. ಎಷ್ಟು ವರ್ಷವಾಯಿತು ಈ ಬಿಗಿತ ಕೈಗೆ ಸಿಕ್ಕು! ಅವನ ಮೈಯೆಲ್ಲ ಬೆಚ್ಚಗಾಯಿತು. ಹುಡುಗನ ಕಣ್ಣು ಮೇಲೆ ಹೋಯಿತು, ನೊರೆ ಬಂತು, ನಾನು ಅವನನ್ನು ತೊಡೆಯ ಮೇಲೆ ಹಾಕಿಕೊಂಡೆ, ಎಂದ. ಇಲ್ಲಿಂದ ಒಂದೇ ಹೆಜ್ಜೆ, ಆಮೇಲೆ ಹುಡುಗ ಎದ್ದು ಕೂರುತ್ತಾನೆ. ಆಗ ಅವನಿಗೆ ಹಾರನ್ ಕೇಳಿಸಿತು. ಹೊರಗಲ್ಲ. ಇಪ್ಪತ್ತೆರಡು ವರ್ಷದ ಹಿಂದಿನದು. ಸುಜಾತಾಳ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೂಗುತ್ತಿದ್ದಾಗ, ಪ್ರಾರ್ಥನೆಯ ಮನೆಯ ಎದುರಿಗೇ ಆದೋನಿಗೆ ಹೋಗುವ ಹತ್ತರ ಬಸ್ಸು ನಿಂತು ಹಾರನ್ ಹೊಡೆದಿತ್ತು. ಎರಡು ಸಲ. ಅವನು ಕೇಳಿದ್ದ. ಕೇಳಿ ದನಿ ಏರಿಸಿದ್ದ, ಹಾರನ್ ಮುಳುಗಿಹೋಗುವ ಹಾಗೆ. ಈ ಒಂದನ್ನು ಅವನು ದೇವರಿಗೂ ಹೇಳಿರಲಿಲ್ಲ.

ಕಣ್ಣು ತೆರೆದ. ಎದುರಿಗೆ ನರಸಣ್ಣನ ಮುಖ, ಬಾಯಿ ಸ್ವಲ್ಪ ತೆರೆದು, ಮುಂದೆ ಏನಾಯಿತು ಎಂದು ಕೇಳುವ ಮಗುವಿನ ಮುಖ.

"ಲಾರಿ," ಎಂದ ಜಂಬಪ್ಪ. ಅದು ಧೈರ್ಯವೋ ಹೇಡಿತನವೋ ಅವನಿಗೆ ತಿಳಿಯಲಿಲ್ಲ, ಮಾತು ಆಗಲೇ ಹೊರಗಿತ್ತು. "ಒಂದು ಲಾರಿ ಬಂತು. ಹತ್ತಿ ಲಾರಿ. ಖಾಜಾ ಸಾಬಿ ಅಂತ ಡ್ರೈವರು. ಆ ಹುಡುಗನ್ನ ಆದೋನಿ ದವಾಖಾನಿಗೆ ಒಯ್ದಿವಿ. ಸೂಜಿ ಹಾಕಿದ್ರು. ಮೂರು ದಿನಕ್ಕ ಎದ್ದ. ನಾನು ಇದನ್ನ ನಿಮಗ ಹೇಳತಿರಲಿಲ್ಲ. ಹೇಳಿದ್ರ ಕಥಿ ಕುಂಟತಿತ್ತು, ಅದಕ್ಕ ಬಿಟ್ಟಿದ್ದೆ."

ಸೆರಗು ಸರಿಮಾಡಿಕೊಳ್ಳುವ ಸದ್ದು. ಕುರ್ಚಿಗಳು ಕಿರುಗುಟ್ಟಿದವು. ಹಿಂದಿನಿಂದ ಯಾರೋ ‘ವಯಸ್ಸಾತು ಪಾಪ, ಎಲ್ಲಿದ್ದೆಲ್ಲಾ ಕಲಸತಾನ’ ಎಂದರು. ಅಷ್ಟರಲ್ಲಿ ಪಾಸ್ಟರ್ ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿ ಮೈಕು ತೆಗೆದುಕೊಂಡ. ನಗುನಗುತ್ತಲೇ. "ಹಲ್ಲೆಲೂಯ! ಆ ಲಾರೀನ ಕಳಿಸಿದವರು ಯಾರು? ದೇವರೇ! ಆ ಡಾಕ್ಟರ ಕೈಯಾಗಿನ ಸೂಜಿ ಯಾರದು? ದೇವರದೇ! ಎಲ್ಲಾರೂ ಸ್ತೋತ್ರ ಹೇಳ್ರಿ!" ಎಲ್ಲರೂ ಸ್ತೋತ್ರ ಹೇಳಿದರು. ಹಗ್ಗ ಮತ್ತೆ ಬಿಗಿಯಿತು. ಜಂಬಪ್ಪನ ತಪ್ಪೊಪ್ಪಿಗೆ ಅವನ ಕಣ್ಣೆದುರೇ ಇನ್ನೊಂದು ಸಾಕ್ಷಿಯಾಯಿತು, ಕೀಬೋರ್ಡು ಶುರುವಾಯಿತು. ಹಾಡು ಎದ್ದಿತು. ಪಾಸ್ಟರ್ ಸುಳ್ಳು ಹೇಳಿರಲಿಲ್ಲ, ಅದೇ ದೊಡ್ಡ ಕಷ್ಟ. ಹತ್ತರ ಬಸ್ಸು ಕಳಿಸಿದವನೂ ದೇವರೇ ಇರಬೇಕಲ್ಲ? ಅವನು ಕಳಿಸಿದ್ದನ್ನು ಅವನ ಹೆಸರಿನಲ್ಲೇ ಕೂಗಿ ವಾಪಸು ಅಟ್ಟಿದವನು ನಾನು. ಇದನ್ನು ಹೇಳಲು ಮೈಕು ಕೈಯಲ್ಲಿರಲಿಲ್ಲ. ಅವನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತ. ಸುವಾರ್ತಮ್ಮ ಹೆಂಗಸರ ಸಾಲಿನಿಂದ ಅವನನ್ನೇ ನೋಡುತ್ತಿದ್ದಳು, ಐವತ್ತು ವರ್ಷ ಜೊತೆಗಿದ್ದವನನ್ನು ಬಸ್ಸಿನಲ್ಲಿ ಪಕ್ಕದ ಸೀಟಿನವನನ್ನು ನೋಡಿದ ಹಾಗೆ. ಊರಮ್ಮ ತಲೆ ಎತ್ತಲಿಲ್ಲ. ನರಸಣ್ಣ ಮಾತ್ರ ಹಾಡಿನ ನಡುವೆ, ಎಲ್ಲರೂ ಎದ್ದು ನಿಂತಿದ್ದಾಗ, ಕೂತೇ ಇದ್ದ.

ಊಟ ಹೊರಗೆ ಶಾಮಿಯಾನದ ಕೆಳಗೆ. ಅನ್ನ, ಕೋಳಿಸಾರು, ಒಂದು ಸಿಹಿ. ಊರಮ್ಮ ಸೌಟು ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಬಂದಳು. ಜಂಬಪ್ಪನ ತಟ್ಟೆಗೂ ಹಾಕಿದಳು, ಬೇರೆಯವರಿಗೆ ಹಾಕಿದಷ್ಟೇ, ಒಂದು ತುಂಡು ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. "ಬ್ಯಾಡ ಅಂದಿದ್ದೆ," ಎಂದು ಅಷ್ಟೇ ಹೇಳಿ ಮುಂದೆ ಹೋದಳು. ಅವನು ತಟ್ಟೆ ಹಿಡಿದುಕೊಂಡು ಹೋಗಿ ಕಟ್ಟಡದ ಹಿಂದಿನ ನೆರಳಿನಲ್ಲಿ ಕೂತ. ಎದೆ ಹಗುರಾಗುತ್ತದೆ ಎಂದುಕೊಂಡಿದ್ದ. ಆಗಿರಲಿಲ್ಲ. ಆಕೆಯ ಮಾತಿನಂತೆಯೂ ಆಗಲಿಲ್ಲ, ತನ್ನ ಲೆಕ್ಕದಂತೆಯೂ ಆಗಲಿಲ್ಲ.

ಶಿಳ್ಳೆಯ ಉಸಿರು ಮೊದಲು ಬಂತು, ಆಮೇಲೆ ನರಸಣ್ಣ ಬಂದ. ಗೋಡೆ ಹಿಡಿದುಕೊಂಡು ಬಂದು, ಎದುರಿಗಿದ್ದ ಕಲ್ಲಿನ ಮೇಲೆ ಮೆಲ್ಲಗೆ ಕೂತ. ಉಸಿರು ಒಂದು ಹದಕ್ಕೆ ಬರುವವರೆಗೂ ಕೈ ಎತ್ತಿ ತಡಿ ಎಂದು ತೋರಿಸಿದ.

"ಆವತ್ತು ಹತ್ತರ ಬಸ್ಸು ಬಂದಿತ್ತೇನ್ರಿ?"

"ಬಂದಿತ್ತು."

"ನಿಂತಿತ್ತೇನು?"

"ನಿಂತಿತ್ತು. ಎರಡು ಸಲ ಹಾರನ್ ಹೊಡದ. ನಾ ಕೇಳಿದೆ, ನರಸಣ್ಣ. ಕೇಳಿ ಇನ್ನಾ ಜೋರು ಒದರಿದೆ."

ನರಸಣ್ಣ ತಲೆಯಾಡಿಸಿದ, ಬಹಳ ದಿನದಿಂದ ಸಿಗದ ಒಂದು ಸಾಮಾನು ಎಲ್ಲಿದೆ ಎಂದು ತಿಳಿದವನ ಹಾಗೆ. "ಆ ಬಸ್ಸು ಹನ್ನೊಂದೂಕಾಲಕ್ಕ ಆದೋನಿ ಮುಟ್ಟತಿತ್ತು. ನಮ್ಮ ಮಿಲ್ಲಿನ ಮುಂದ ಹಾದು ಹೋಗತಿತ್ತು. ದಿನಾ ನೋಡತಿದ್ದೆ, ನಮ್ಮೂರ ಬಸ್ಸು ಅಂತ. ಆವತ್ತೂ ಗೇಟಿನಾಗ ಚೀಲ ಇಳಿಸಾಕಹತ್ತಿದ್ದೆ. ಆವತ್ತೂ ನೋಡೀನಿ." ಕೆಮ್ಮು ಬಂತು. ಮುಗಿಯುವವರೆಗೂ ಕಾದ. "ನೋಡಿ ಕೈ ಮಾಡೀನಿ. ಯಾರಿಗೆ ಮಾಡೀನೋ."

ಜಂಬಪ್ಪ ತಟ್ಟೆಯನ್ನು ನೆಲಕ್ಕಿಟ್ಟು ಮುಖ ಮುಂದೆ ಮಾಡಿದ. ಹೊಡೆಯಲಿ ಎಂದು ಕಾದ. ನರಸಣ್ಣ ಹೊಡೆಯಲಿಲ್ಲ.

"ಹೇಳ್ರಿ," ಎಂದ.

"ಏನು ಹೇಳಲಿ?"

"ಆಕಿನ್ನ ಬಸ್ಸು ಹತ್ತಿಸಿ ಹೇಳ್ರಿ. ನಿಮಗ ಹೇಳಾಕ ಬರ್ತೈತಿ. ನನಗ ಬರಂಗಿಲ್ಲ."

"ಅದು ಆಗಿದ್ದಲ್ಲ, ನರಸಣ್ಣ."

"ಲಾರಿ ಇಲ್ಲದ ಎದ್ದ ಹುಡುಗನೂ ಆಗಿದ್ದಲ್ಲ. ಊರು ಊರೇ ಕೇಳಿತು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ನನಗೊಬ್ಬನಿಗೆ ಹೇ‍ಳ್ರಿ."

ಜಂಬಪ್ಪ ಕಣ್ಣು ಮುಚ್ಚಲು ಹೋದ, ಮುಚ್ಚಲಿಲ್ಲ. ನರಸಣ್ಣನ ಮುಖ ನೋಡುತ್ತಲೇ ಶುರುಮಾಡಿದ. ಹತ್ತರ ಬಸ್ಸು ಬಂತು. ಹಾರನ್ ಹೊಡೆಯಿತು. ನಾನು ಎದ್ದೆ, ಸುಜಾತಾಳನ್ನು ಎತ್ತಿಕೊಂಡೆ. ಹಗುರು ಇದ್ದಳು. ಊರಮ್ಮ ಮುಂದೆ ಓಡಿ ಬಸ್ಸಿಗೆ ಅಡ್ಡ ನಿಂತಳು. ಕಂಡಕ್ಟರು ಗಿಡ್ಡ ಮನುಷ್ಯ, ಬಾಗಿಲು ತೆಗೆದ, ಮುಂದಿನ ಸೀಟಿನವರನ್ನು ಎಬ್ಬಿಸಿದ. ಇಷ್ಟು ನಿಧಾನವಾಗಿ ಅವನು ಯಾವತ್ತೂ ಕಥೆ ಹೇಳಿರಲಿಲ್ಲ. ಬಿಡಲು ಏನೂ ಸಿಗುತ್ತಿರಲಿಲ್ಲ. ಸೀಟಿನ ಹರಿದ ರೆಕ್ಸಿನ್ನು, ಡ್ರೈವರನ ಮುಂದೆ ತೂಗುತ್ತಿದ್ದ ನಿಂಬೆಹಣ್ಣು ಮೆಣಸಿನಕಾಯಿ, ಹಳ್ಳದ ಸೇತುವೆಯ ಮೇಲಿನ ತಗ್ಗು, ಎಲ್ಲವನ್ನೂ ಹೇಳಿದ. ಎಲ್ಲಿಯೂ ಬಸ್ಸು ನಿಲ್ಲಿಸಬೇಡ ಎಂದು ಡ್ರೈವರನಿಗೆ ಹೇಳಿದೆ, ಎಂದ. ರೈಲ್ವೆ ಗೇಟು ಬಂತು.

"ಗೇಟು ಹಾಕಿತ್ತೇನು?" ನರಸಣ್ಣನ ಕೈ ಮೊಣಕಾಲನ್ನು ಹಿಡಿದಿತ್ತು.

"ಹಾಕಿತ್ತು. ಗೂಡ್ಸು ಹೋಗೋದಿತ್ತು."

"ತೆಗಸ್ರಿ."

"ಗೂಡ್ಸು ಹೋತು. ಗೇಟು ತೆಗೀತು."

ಗೇಟು ದಾಟಿತು. ಆದೋನಿಯ ಗುಡ್ಡ ಕಾಣಿಸಿತು. ಹತ್ತಿಯ ಗಾಡಿಗಳು ಎದುರಾದವು, ಗಾಳಿಯಲ್ಲಿ ಹತ್ತಿಯ ಎಳೆ ಹಾರುತ್ತಿದ್ದವು, ದೂರದಲ್ಲಿ ಮಿಲ್ಲುಗಳ ತಗಡು ಹೊಳೆಯಿತು.

"ಮೆಲ್ಲಗ," ಎಂದ ನರಸಣ್ಣ. "ಮೆಲ್ಲಗ ಹೇಳ್ರಿ."

ಜಂಬಪ್ಪ ದನಿ ಇಳಿಸಿದ. ಬಸ್ಸಿನೊಳಗೆ ಬಂದ. ಆಕೆ ಕಣ್ಣು ತೆರೆದೇ ಇದ್ದಳು, ಎಂದ. ಕಿಟಕಿಯ ಕಡೆ ನೋಡುತ್ತಿದ್ದಳು. ಅಪ್ಪನ ಮಿಲ್ಲು ಯಾವುದು ಎಂದು ಕೇಳಿದಳು. ಇನ್ನೂ ಮುಂದೆ ಐತಿ ಎಂದೆ.

ಸಾರಿನ ಸೌಟು ಕೈಯಲ್ಲೇ ಇದ್ದ ಊರಮ್ಮ ಗೋಡೆಯ ಮೂಲೆಗೆ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಇಬ್ಬರೂ ಗಮನಿಸಿರಲಿಲ್ಲ. ಜಂಬಪ್ಪನ ಮಾತು ನಿಂತಿತು. ಆಕೆ ಬಂದು ಗಂಡನ ಪಕ್ಕ ನೆಲದ ಮೇಲೆ ಕೂತಳು, ಸೌಟನ್ನು ಮಡಿಲಲ್ಲಿಟ್ಟುಕೊಂಡಳು. ಶಾಮಿಯಾನದ ಕಡೆಯಿಂದ ಯಾರೋ ಸಾರು ಸಾರು ಎಂದು ಕೂಗುತ್ತಿದ್ದರು.

"ಬಿಸಲಾಗ ಹೊಲದಿಂದ ತಂದಿದ್ದೆ ಆಕಿನ್ನ," ಎಂದಳು ಊರಮ್ಮ ನೆಲ ನೋಡುತ್ತ. "ಬಸ್ಸಿನಾಗ ನೀರು ಕುಡಿಸಿದ್ರೇನು?"

"ಕುಡಿಸಿದಿವಿ ಯವ್ವಾ," ಎಂದ ಜಂಬಪ್ಪ. "ಎರಡು ಗುಟುಕು ಕುಡದಳು."